ಯಾಳಿಯ ಹೊಟ್ಟೆಯಲ್ಲಿ ಉಳಿದ ನೆರಳು

ಬಹಳ ಕಾಲದ ಹಿಂದೆ, ಕುಂದವರವೆಂಬ ರಾಜ್ಯದಲ್ಲಿ, ಊರಬಾಗಿಲನ್ನು ಸಿಂಹದ ಮೈ, ಆನೆಯ ಸೊಂಡಿಲಿನ ಕಲ್ಲಿನ ಯಾಳಿಯೊಂದು ಕಾಯುತ್ತಿತ್ತು. ಮಂತ್ರ ಹೇಳಿದಾಗ ಅದು ಎದುರು ನಿಂತವರ ಹೆಸರು, ದನಿ, ನೆರಳುಗಳನ್ನು ಹೀರಿ ನೋಡುತ್ತಿತ್ತು. ನಮ್ಮವರಾದರೆ ಅವನ್ನು ಮರಳಿಸಿ ದಾರಿ ಬಿಡುತ್ತಿತ್ತು. ಹಗೆಯಾದರೆ ಕಲ್ಲು ಮಾಡುತ್ತಿತ್ತು.

ಮಂತ್ರ ಹೇಳುವುದು ಮಾಚಲೆಯ ಕೆಲಸ. ತಂದೆತಾಯಿ ಹೋದ ಮೇಲೆ ಅವಳಿಗೆ ಉಳಿದಿದ್ದವನು ತಮ್ಮ ಕೇತಯ್ಯನೊಬ್ಬನೇ. ಒಂದು ಬೆಳಿಗ್ಗೆ ಅವನು ಎಂದಿನಂತೆ ಎಲ್ಲರಿಗಿಂತ ಮೊದಲು ಸೌದೆ ಹೊತ್ತು ಬಂದ. ಅವಳು ಎಂದಿನಂತೆ ಮಂತ್ರ ಹೇಳಿದಳು. ತಮ್ಮನ ಕಾಲು ಮೊಣಕಾಲಿನವರೆಗೆ ಕಲ್ಲಾಯಿತು.

“ಅಕ್ಕಾ, ನಿನ್ನ ಪಾಲಿನ ಮಜ್ಜಿಗೆ ಕುಡಿದೆನೆಂದು ಇಷ್ಟು ಸಿಟ್ಟೇ?”

ಮಂತ್ರ ಕಲಿಸಿದ ಹಿರಿಯ ಬೊಪ್ಪಣ್ಣ ಓಡಿಬಂದ. “ಎಲ್ಲೋ ತಪ್ಪಿದೆ. ಇನ್ನೊಮ್ಮೆ ಹೇಳು.”

ಹೇಳಿದಳು. ಕಲ್ಲು ಸೊಂಟಕ್ಕೇರಿತು.

“ದನಿ ಏರಿಸಿ ಹೇಳು.”

ಏರಿಸಿದಳು. ಕಲ್ಲು ಎದೆಗೇರಿತು. ಕೇತಯ್ಯ ತಮಾಷೆ ಬಿಟ್ಟ.

ಕೋಟೆಯಾಚೆಯ ಬಂಡೆಯ ಮೇಲೆ ಊರಿನ ಹಗೆ, ಮಾಯಾವಿ ದುಗ್ಗರಸ ಕೂತಿದ್ದ. “ಹೇಳು ತಾಯಿ, ಹೇಳುತ್ತಿರು. ಊರು ಖಾಲಿಯಾದ ಮೇಲೆ ನಾನು ಬರುತ್ತೇನೆ.”

ಮಾಚಲೆ ಸೆರಗಿನ ಗಂಟಿನಿಂದ ಯಾಳಿಯ ಒಳಗನ್ನು ತೋರಿಸುವ ಸ್ಫಟಿಕವನ್ನು ತೆಗೆದಳು. ಮಂತ್ರ ಹೇಳುತ್ತಿರುವಾಗ ಅದರಲ್ಲಿ ಬರೀ ಮಂಜು ಕಾಣುತ್ತಿತ್ತು.

“ನಡುವೆ ನಿಲ್ಲಿಸಿ ನೋಡುತ್ತೇನೆ,” ಎಂದಳು.

“ಬೇಡ ಮಗಳೇ. ಮಂತ್ರವನ್ನು ಒಂದೇ ಉಸಿರಿಗೆ ಮುಗಿಸಬೇಕು. ನಿಲ್ಲಿಸಿದವರ ನಾಲಗೆ ಸುಡುತ್ತದೆ.”

“ಸುಟ್ಟವರನ್ನು ನೋಡಿದ್ದೀರಾ?”

“ನಿಲ್ಲಿಸಿದವರನ್ನೇ ನೋಡಿಲ್ಲ.”

ಮೊದಲ ಸಾಲು ಹೇಳಿ ನಿಲ್ಲಿಸಿದಳು. ನಾಲಗೆ ಸುಡಲಿಲ್ಲ. ಸ್ಫಟಿಕದ ಮಂಜು ಕರಗಿ, ಯಾಳಿಯ ಹೊಟ್ಟೆಯಲ್ಲಿ ಮೂರು ಬಟ್ಟಲು ಕಂಡವು. ಮೊದಲನೆಯದರಲ್ಲಿ ಕೇತಯ್ಯನ ಹೆಸರು ಹೊಳೆಯುತ್ತಿತ್ತು. ಅದು ಸರಿ. ಕಲ್ಲು ಹೆಗಲಿಗೇರಿತು.

ಎರಡನೆಯ ಸಾಲು ಹೇಳಿ ನಿಲ್ಲಿಸಿದಳು. ಎರಡನೆಯ ಬಟ್ಟಲಿನಲ್ಲಿ ತಮ್ಮನ ದನಿ ಇತ್ತು. ಅದೂ ಸರಿ. ಕಲ್ಲು ಕೊರಳಿಗೇರಿತು.

“ಅಕ್ಕಾ, ಬೇಗ,” ಎಂದಿತು ಬಟ್ಟಲಿನೊಳಗಿಂದ ಕೇತಯ್ಯನ ದನಿ.

ಮೂರನೆಯ ಸಾಲಿನಲ್ಲಿ, ಕೊನೆಯ ಮಾತಿಗೆ ಮುಂಚೆ ನಿಲ್ಲಿಸಿದಳು. ತಮ್ಮನ ನೆರಳು ಬಟ್ಟಲಿನ ಅಂಚಿನಲ್ಲಿ ಜೋತಾಡುತ್ತಿತ್ತು. ಒಳಗೆ ಜಾಗವಿರಲಿಲ್ಲ; ಬೇರೊಂದು ನೆರಳು ಮುದುಡಿ ಮಲಗಿತ್ತು. ಮಾಚಲೆ ಬಂಡೆಯತ್ತ ನೋಡಿದಳು. ಬಿಸಿಲಲ್ಲಿ ಕೂತ ದುಗ್ಗರಸನಿಗೆ ನೆರಳಿರಲಿಲ್ಲ.

ಅವನು ತನ್ನ ನೆರಳನ್ನು ಹಿಂದಿನ ರಾತ್ರಿಯೇ ಕದ್ದುಮುಚ್ಚಿ ಒಳಗಿಳಿಸಿದ್ದ. ಹಗೆಯ ನೆರಳನ್ನು ಕಂಡ ಯಾಳಿ, ಎದುರು ನಿಂತವನನ್ನು ಕಲ್ಲು ಮಾಡುತ್ತಿತ್ತು. ದಾಟಿದವರೆಲ್ಲ ತಮ್ಮ ನೆರಳನ್ನು ಒಯ್ಯುತ್ತಿದ್ದುದರಿಂದ, ಬಟ್ಟಲು ಬರಿದು ಮಾಡುವ ಸಾಲನ್ನು ಯಾರೂ ಮಂತ್ರದಲ್ಲಿ ಇಟ್ಟಿರಲಿಲ್ಲ.

“ಅದನ್ನು ಮುಟ್ಟಬೇಡ,” ಎಂದ ದುಗ್ಗರಸ.

“ಬಟ್ಟಲೇ, ಬರಿದಾಗು,” ಎಂದಳು ಮಾಚಲೆ.

ನೆರಳು ಹೊರಚೆಲ್ಲಿ, ಬಂಡೆಯೇರಿ ಒಡೆಯನ ಕಾಲಿಗೆ ಅಂಟಿತು. ಯಾಳಿ ಅದರ ಹಿಂದೆಯೇ ಕಣ್ಣು ಹೊರಳಿಸಿತು. ಮಾಚಲೆ ಕೊನೆಯ ಮಾತು ಹೇಳಿದಳು. ದುಗ್ಗರಸ ಕೂತಲ್ಲೇ ಕಲ್ಲಾದ. ಕೇತಯ್ಯನ ಮೈಯ ಕಲ್ಲು ಕರಗಿ, ಕೊರಳು, ಎದೆ, ಕಾಲು ಬೆಚ್ಚಗಾದವು.

ಅಂದಿನಿಂದ ಕುಂದವರದಲ್ಲಿ ಬಟ್ಟಲು ಬರಿದು ಮಾಡಿಯೇ ಮಂತ್ರ ಶುರುಮಾಡುತ್ತಿದ್ದರು. ಜನ ಅಂಜಿಕೆಯಿಲ್ಲದೆ ಬಾಗಿಲು ದಾಟಿ ಸುಖವಾಗಿದ್ದರು.

ಆ ಸಂಜೆ ಮಾಚಲೆ ಊಟಕ್ಕೆ ತನಗೊಂದು, ತಮ್ಮನಿಗೊಂದು ಎಂದು ಎರಡು ಎಲೆ ಹಾಕಿದಳು.