ಮೇಯರ್ ಸಾಹೇಬರ ಹಲ್ಲು

ಎನೆಡಿನಾ ಕತ್ತೆಯ ದವಡೆಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ಬಲಮುಷ್ಟಿಯಿಂದ ಅದಕ್ಕೊಂದು ಗುದ್ದು ಕೊಟ್ಟಳು.

ದವಡೆ "ಟಕ್" ಅಂದಿತು. ಅಷ್ಟೇ.

ಅನ್ನಬೇಕಾಗಿದ್ದದ್ದು "ಗರ್ರ್ರ್ರ್" ಅಂತ. ಒಣಗಿದ ದವಡೆಯಲ್ಲಿ ಸಡಿಲವಾಗಿ ಕೂತ ಹಲ್ಲುಗಳೆಲ್ಲ ಒಟ್ಟಿಗೆ ಅದುರಿದರೆ ಬರುವ ಸದ್ದು ಅದು. ಎಲ್ ಕಾರ್ಮೆನ್ ಊರಿನಲ್ಲಿ ಕತ್ತೆಯ ದವಡೆಯೂ ಒಂದು ವಾದ್ಯ, ಅಲ್ಲಿನ ಮಕ್ಕಳು ತೊಟ್ಟಿಲಲ್ಲಿದ್ದಾಗಿನಿಂದ ಅದನ್ನು ಕೇಳುತ್ತಾರೆ. ಹಾಗಾಗಿ ಶಾಲೆಯ ಅಂಗಳದಲ್ಲಿ ಅಭ್ಯಾಸಕ್ಕೆ ಸೇರಿದ್ದ ಎಲ್ಲರಿಗೂ ಏನೋ ಎಡವಟ್ಟಾಗಿದೆ ಅಂತ ಆ ಕ್ಷಣವೇ ಗೊತ್ತಾಯಿತು.

"ಏನಮ್ಮಾ ಅದು, ಬಾಗಿಲು ತಟ್ಟಿದ್ಯಾ?" ಎಂದು ಎರ್ಮಿನಿಯಾ ಮಿಸ್ ಕೇಳಿದರು.

"ತಟ್ಟಿದ್ಲು ಮಿಸ್. ಒಳಗೆ ಯಾರೂ ಇಲ್ಲ ಅನ್ಸುತ್ತೆ" ಅಂದವನು ವಿಲ್ಮರ್. ಎನೆಡಿನಾಳ ಚಿಕ್ಕಮ್ಮನ ಮಗ. ಕಹೋನ್ ಪೆಟ್ಟಿಗೆಯ ಮೇಲೆ ಕಾಲಗಲಿಸಿ ಕೂತು, ಅದರ ಮುಂಬದಿಯ ಹಲಗೆಯನ್ನು ಬಡಿಯುವುದು ಅವನ ಕೆಲಸ. ಎಲ್ಲರ ಕಾಲೆಳೆಯುವುದು ಅವನೇ ವಹಿಸಿಕೊಂಡ ಇನ್ನೊಂದು ಕೆಲಸ.

"ಚಳಿಗೆ ಹಿಡ್ಕೊಂಡಿದೆ ಮಿಸ್. ಜುಲೈ ಚಳಿಗಾಲ ಅಲ್ವಾ" ಎಂದಳು ಎನೆಡಿನಾ.

"ಆ ಕತ್ತೆ ಸತ್ತು ನಲವತ್ತು ವರ್ಷ ಆಯ್ತು ಕಣೇ. ಇವತ್ತು ಚಳಿ ಆಯ್ತಾ ಅದಕ್ಕೆ?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಿಸ್ ಕೂಡ ಆ ಕಡೆ ತಿರುಗಿ ಕೆಮ್ಮಿದ ಹಾಗೆ ಮಾಡಿದರು.

"ನಾಳೆ ಕಾರ್ಮೆನ್ ಮಾತೆಯ ಹಬ್ಬ. ಚೌಕದಲ್ಲಿ ಊರಿಗೆ ಊರೇ ಸೇರುತ್ತೆ. ಅಷ್ಟರಲ್ಲಿ ಸರಿ ಮಾಡ್ಕೊಂಡು ಬಾ. ಆಗ್ಲಿಲ್ಲ ಅಂದ್ರೆ ಗಂಟೆ ಆಡಿಸೋರ ಜೊತೆ ಹಿಂದಿನ ಸಾಲಲ್ಲಿ ನಿಂತ್ಕೋ."

ಹಿಂದಿನ ಸಾಲು ಅಂದರೆ ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ಮಿಸ್‌ಗೆ ತಿಳಿಯದಿದ್ದಾಗ ನಿಲ್ಲಿಸುವ ಜಾಗ. ಆ ಮಕ್ಕಳ ಕೈಗೆ ಒಂದೊಂದು ಪುಟ್ಟ ಗಂಟೆ ಕೊಟ್ಟು, ಆದಷ್ಟು ಮೆಲ್ಲಗೆ ಆಡಿಸಿ ಅನ್ನುತ್ತಾರೆ.

ಇಷ್ಟಕ್ಕೂ ದವಡೆ ಮೂಕವಾಗಿದ್ದು ಚಳಿಯಿಂದಲ್ಲ. ಅದಕ್ಕೆ ಕಾರಣ ಎನೆಡಿನಾಳ ಅಪಾರ ಬುದ್ಧಿವಂತಿಕೆ.

ದವಡೆ ಅವಳ ತಾತ ಸತುರ್ನಿನೊ ಅವರದು. ಆ ಕತ್ತೆ ತಾತನ ಅಪ್ಪ ಸಾಕಿದ್ದು. ಹೊಲದಿಂದ ಹತ್ತಿ ಹೊರಬೇಕಾಗಿತ್ತು. ಆದರೆ ಕೆಲಸ ಹೇಳಿದರೆ ಕೂತಲ್ಲಿಂದ ಏಳುತ್ತಿರಲಿಲ್ಲ, ಊಟ ಅಂದರೆ ಎಲ್ಲರಿಗಿಂತ ಮುಂದೆ. ಅದಕ್ಕೇ ಮನೆಯವರೆಲ್ಲ ಅದನ್ನು ಮೇಯರ್ ಸಾಹೇಬರು ಅಂತ ಕರೆಯುತ್ತಿದ್ದರು. ಬದುಕಿದ್ದಾಗ ಮಾಡದ ಕೆಲಸವನ್ನೆಲ್ಲ ಮೇಯರ್ ಸಾಹೇಬರು ಸತ್ತ ಮೇಲೆ ತಾತನ ಕೈಯಲ್ಲಿ ಮಾಡಿದರು. ಆ ದವಡೆ ಬಾರಿಸದೆ ಊರಿನಲ್ಲಿ ಒಂದು ಮದುವೆ, ಒಂದು ಹಬ್ಬ ಆದದ್ದಿಲ್ಲ.

ತಾತ ಅದನ್ನು ಯಾರ ಕೈಗೂ ಕೊಟ್ಟವರಲ್ಲ. ಒಮ್ಮೆ ರಾಜಧಾನಿ ಲಿಮಾದಿಂದ ದೊಡ್ಡ ಸಂಗೀತ ತಂಡದವರು ಕಾರಿನಲ್ಲಿ ಬಂದರು. ಅಮ್ಮ ಬಡಿಸಿದ ಆಲೂಗಡ್ಡೆ ಸಾರನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದರು. ಬಾಯಿ ಒರೆಸಿಕೊಂಡು, "ಆ ದವಡೆ ಮಾರ್ತೀರಾ?" ಅಂದರು.

"ನಿಮ್ಮಜ್ಜಂದು ತಂದ್ಕೊಡಿ, ಬದಲಾಯಿಸ್ಕೊಳೋಣ" ಅಂದಿದ್ದರು ತಾತ.

ಅಂಥ ದವಡೆಯನ್ನು ಈ ಸಲದ ಹಬ್ಬಕ್ಕೆ ತಾತ ತಾವಾಗಿಯೇ ಮೊಮ್ಮಗಳ ಕೈಗೆ ಇಟ್ಟಿದ್ದರು. "ಕೈ ಸಡಿಲ ಬಿಡೇ. ಅದೇನು ಓಡಿಹೋಗೋ ಕೋಳಿ ಅಲ್ಲ" ಅಂತ ಹೇಳಿಕೊಟ್ಟಿದ್ದರು. ಎನೆಡಿನಾ ತಲೆಯಾಡಿಸಿ ಇನ್ನೂ ಬಿಗಿಯಾಗಿ ಹಿಡಿದಿದ್ದಳು. ತಾತನ ದವಡೆ ಕೆಳಗೆ ಬಿದ್ದರೆ ಏನು ಗತಿ?

ನಿನ್ನೆ ಊಟ ಆದಮೇಲೆ ಹಿತ್ತಲಲ್ಲಿ ಬಾರಿಸುತ್ತಿದ್ದಾಗ ಒಂದು ಹಲ್ಲು ಪುಟಕ್ಕನೆ ಹಾರಿ ಬಾತುಕೋಳಿಯ ನೀರಿನ ಬಾಣಲೆಗೆ ಬಿತ್ತು. ಓಡಿಹೋಗಿ ತಾತನಿಗೆ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸುಲಭದ ದಾರಿ ನಮ್ಮ ಎನೆಡಿನಾಳಿಗೆ ಎಲ್ಲಿ ಹಿಡಿಸಬೇಕು?

ಅದೇ ದಿನ ಊಟದ ಹೊತ್ತಿಗೆ ಅಮ್ಮ ತಾತನನ್ನು ಗದರಿದ್ದಳು. ತಾತ ಕಟ್ಟಿಸಿಕೊಂಡಿದ್ದ ಹಲ್ಲುಸೆಟ್ಟು ಅಗಿಯುವಾಗೆಲ್ಲ ಕಟಕಟ ಅನ್ನುತ್ತದೆ. "ಪೇಸ್ಟ್ ತಂದಿಟ್ಟಿದೀನಲ್ಲಪ್ಪಾ. ಹಚ್ಕೊಂಡ್ರೆ ಗಟ್ಟಿಯಾಗಿ ಕೂತ್ಕೊಳುತ್ತೆ" ಅಂದಿದ್ದಳು ಅಮ್ಮ. "ನಾನೇನು ಗೋಡೆಗೆ ಅಂಟಿಸೋ ಪೋಸ್ಟರಾ?" ಅಂತ ತಾತ ಕಟಕಟ ಅನ್ನಿಸುತ್ತಲೇ ಊಟ ಮುಗಿಸಿದ್ದರು.

ಅಲುಗಾಡುವ ಹಲ್ಲಿಗೆ ಅಂಟೇ ಔಷಧಿ ಅಂತ ಎನೆಡಿನಾಳಿಗೆ ಹೊಳೆಯಿತು. ಶೂ ಕಿತ್ತರೆ ಹಚ್ಚುವ ಗಮ್ ಟ್ಯೂಬ್ ತಂದು ಬಿದ್ದ ಹಲ್ಲನ್ನು ಅಂಟಿಸಿದಳು. ಪಕ್ಕದ್ದೂ ಅಲುಗಾಡುತ್ತಿತ್ತು. ಅದೂ ಬಿದ್ದರೆ ಅಂತ ಅದಕ್ಕೊಂದು ಹನಿ. ಅದರ ಪಕ್ಕದ್ದೂ ಅಲುಗಾಡುತ್ತಿತ್ತು. ಅದಕ್ಕೂ ಒಂದು ಹನಿ. ಹೀಗೆ ಎರಡೂ ಕಡೆ ಕೊನೆಯವರೆಗೆ ಹೋಗಿ ಟ್ಯೂಬ್ ಖಾಲಿ ಮಾಡಿ, ತನ್ನ ಬೆನ್ನು ತಾನೇ ತಟ್ಟಿಕೊಂಡು ಎದ್ದಳು.

ಹಲ್ಲು ಒಂದೂ ಬೀಳಲಿಲ್ಲ. ಸದ್ದು ಮಾತ್ರ ಪೂರ್ತಿ ಬಿದ್ದುಹೋಯಿತು.

ಶಾಲೆ ಬಿಟ್ಟ ಮೇಲೆ ವಿಲ್ಮರ್ ದವಡೆಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದ.

"ನನ್ನ ಶೂ ವಾಸ್ನೆ ಬರ್ತಿದೆ" ಅಂದ.

ಎನೆಡಿನಾ ಎಲ್ಲ ಹೇಳಿಬಿಟ್ಟಳು. ಅಳು ಬಂತು. ಅವಳು ಅಳುವುದು ಮುಗಿಯುವವರೆಗೆ ವಿಲ್ಮರ್ ಏನೂ ಅನ್ನಲಿಲ್ಲ. ಅವನ ಮಟ್ಟಿಗೆ ಅದು ಭಾರಿ ಉಪಕಾರ.

"ತಾತನಿಗೆ ಗೊತ್ತಾದ್ರೆ?" ಎಂದಳು.

"ಇನ್ಮೇಲೆ ನಿಂಗೆ ಚಮಚಾನೂ ಮುಟ್ಟಕ್ಕೆ ಬಿಡಲ್ಲ" ಅಂದ. ಉಪಕಾರ ಅಲ್ಲಿಗೆ ಮುಗಿಯಿತು. "ಬಾ, ನಮ್ಮಮ್ಮನ ಹತ್ರ ಹೋಗೋಣ. ಉಗುರು ಬಣ್ಣ ತೆಗೆಯೋ ನೀರಿದ್ಯಲ್ಲ, ಅದಕ್ಕೆ ಗಮ್ ಬಿಡುತ್ತೆ. ಒಂದ್ಸಲ ನನ್ನ ಬೆರಳು ಮೂಗಿಗೆ ಅಂಟಿತ್ತು, ಅದರಿಂದಾನೇ ಬಿಡಿಸಿದ್ದು."

ಬೆರಳು ಮೂಗಿನಲ್ಲಿ ಏನು ಮಾಡುತ್ತಿತ್ತು ಅಂತ ಎನೆಡಿನಾ ಕೇಳಲಿಲ್ಲ. ಅವಳಿಗೆ ಈಗ ಅವನ ಸಹಾಯ ಬೇಕಿತ್ತು.

ಸೊರಾಯ್ದಾ ಚಿಕ್ಕಮ್ಮ ಮನೆಯ ಮುಂದಿನ ಕೋಣೆಯಲ್ಲೇ ಬ್ಯೂಟಿ ಪಾರ್ಲರ್ ಇಟ್ಟಿದ್ದಳು. ಹಬ್ಬದ ಹಿಂದಿನ ದಿನ ಬೇರೆ. ಮೂರು ಹೆಂಗಸರು ಉಗುರು ಒಣಗಲೆಂದು ಕೈ ಚಾಚಿ ಕೂತಿದ್ದರು. ಮಕ್ಕಳು ಮೇಜಿನ ಮೇಲೆ ದವಡೆ ಇಟ್ಟರು.

ಚಿಕ್ಕಮ್ಮ ದವಡೆ ನೋಡಿದಳು. ಮಕ್ಕಳನ್ನು ನೋಡಿದಳು.

"ಈ ಅಂಗಡಿಗೆ ಎಷ್ಟೋ ಕತ್ತೆಗಳು ಬಂದಿದಾವೆ. ಸತ್ತ ಮೇಲೆ ಬಂದಿದ್ದು ಇದೊಂದೇ" ಅಂದಳು.

ಕೂತಿದ್ದ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬೈಯುತ್ತಲೇ ಚಿಕ್ಕಮ್ಮ ಬಾಟಲಿ ತೆಗೆದಳು. ಹತ್ತಿಯನ್ನು ಅದ್ದಿ ಅದ್ದಿ ಹಲ್ಲಿನ ಬುಡಕ್ಕೆಲ್ಲ ಒತ್ತಿದಳು. ವಾಸನೆಗೆ ಕಣ್ಣು ಉರಿಯಿತು. ಎನೆಡಿನಾ ಒಂದೊಂದೇ ಹಲ್ಲನ್ನು ಮುಟ್ಟಿ ನೋಡುತ್ತಾ ಕೂತಳು. ಅಲುಗಾಡು, ಪ್ಲೀಸ್, ಅಲುಗಾಡು ಅಂತ ಮನಸ್ಸಿನಲ್ಲೇ ಬೇಡಿಕೊಂಡಳು. ನಿನ್ನೆ ಅಲುಗಾಡಬೇಡ ಅಂದವಳೂ ಅವಳೇ.

ಎಲ್ ಕಾರ್ಮೆನ್‌ನಲ್ಲಿ ಸುದ್ದಿಗೆ ಕಾಲಿನ ಅಗತ್ಯವಿಲ್ಲ. ಉಗುರು ಒಣಗಿದ ಮೊದಲ ಹೆಂಗಸು ಹೊರಗೆ ಹೋಗಿ ಹತ್ತು ನಿಮಿಷ ಆಗಿರಲಿಲ್ಲ, ಬಾಗಿಲಲ್ಲಿ ತಾತ ನಿಂತಿದ್ದರು.

"ಮೇಯರ್ ಸಾಹೇಬರು ಮೇಕಪ್ ಮಾಡಿಸ್ಕೊಳ್ತಾ ಇದಾರಂತೆ" ಎಂದರು.

ಯಾರೂ ನಗಲಿಲ್ಲ. ತಾತ ಒಳಗೆ ಬಂದು ದವಡೆ ಎತ್ತಿಕೊಂಡು ಒಂದು ಗುದ್ದು ಕೊಟ್ಟರು. ಬಲಗಡೆಯ ನಾಲ್ಕೈದು ಹಲ್ಲು ಸ್ವಲ್ಪ ಅದುರಿದವು. ಎಡಗಡೆ ಸುಮ್ಮನಿತ್ತು. ತಾತ ದವಡೆಯನ್ನು ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ಮೆಲ್ಲಗೆ ತಟ್ಟಿದರು. ಆಮೇಲೆ ಕುರ್ಚಿಯ ಮೇಲೆ ಕೂತು ಅದನ್ನು ಮಡಿಲಲ್ಲಿ ಇಟ್ಟುಕೊಂಡರು.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎನೆಡಿನಾ ತಾನೇ ಬಾಯಿಬಿಟ್ಟಳು.

"ಒಂದು ಹಲ್ಲು ಬಿತ್ತು ತಾತ. ಇನ್ನೊಂದು ಬೀಳಬಾರದು ಅಂತ ಅಂಟಿಸ್ದೆ. ಎಲ್ಲಾನೂ ಅಂಟಿಸ್ದೆ."

ತಾತ ಬಾಯಿಗೆ ಕೈ ಹಾಕಿ ತಮ್ಮ ಹಲ್ಲುಸೆಟ್ಟು ತೆಗೆದು, ಉಗುರು ಬಣ್ಣದ ಬಾಟಲಿಗಳ ಮಧ್ಯೆ ಇಟ್ಟರು.

"ತಗೋ, ಇದಕ್ಕೂ ಹಚ್ಚು" ಅಂದರು. ಹಲ್ಲಿಲ್ಲದ ಬಾಯಲ್ಲಿ ಮಾತು ತೊದಲಿತು. "ನಿಮ್ಮಮ್ಮನಿಗೂ ಗಟ್ಟಿ ಹಲ್ಲು ಬೇಕು, ನಿಂಗೂ ಗಟ್ಟಿ ಹಲ್ಲು ಬೇಕು. ನಮ್ಮನೇಲಿ ಈಗ ಗಟ್ಟಿ ಹಲ್ಲಿರೋದು ಸತ್ತಿರೋ ಕತ್ತೆಗೆ ಮಾತ್ರ."

ಚಿಕ್ಕಮ್ಮ ಮೊದಲು ನಕ್ಕಳು. ಆಮೇಲೆ ತಾತ. ಎನೆಡಿನಾಳಿಗೆ ನಗು ಬರಲಿಲ್ಲ.

"ನಾಳೆ ನಾನು ಹಿಂದಿನ ಸಾಲಲ್ಲಿ ನಿಲ್ತೀನಿ" ಅಂದಳು.

"ನೀನು ಹಿಂದೆ ನಿಂತ್ರೆ ಇದನ್ನ ಯಾರು ಹಿಡೀತಾರೆ? ನನ್ನ ಕೈ ನೋಡು, ಕಾಫಿ ಲೋಟನೇ ನಿಲ್ಲಲ್ಲ" ಅಂತ ತಾತ ಬೆರಳು ಚಾಚಿ ತೋರಿಸಿದರು. ಬೆರಳುಗಳು ನಡುಗುತ್ತಿದ್ದವು. ಈ ವರ್ಷ ದವಡೆ ತನ್ನ ಕೈಗೆ ಯಾಕೆ ಬಂತು ಅಂತ ಎನೆಡಿನಾ ಯೋಚಿಸಿಯೇ ಇರಲಿಲ್ಲ. ತಾನು ಚೆನ್ನಾಗಿ ಬಾರಿಸುತ್ತೇನೆ, ಅದಕ್ಕೇ ಕೊಟ್ಟರು ಅಂದುಕೊಂಡಿದ್ದಳು. "ಇರೋ ಸದ್ದನ್ನ ಬಾರಿಸು. ಕೈ ಸಡಿಲ ಬಿಡು. ಅಷ್ಟು ಮಾಡು ಸಾಕು."

ಮಾರನೇ ದಿನ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲ ಸಾಲಿನ ಮೆತ್ತನೆ ಕುರ್ಚಿಗಳಲ್ಲಿ ದೊಡ್ಡವರು ಕೂತಿದ್ದರು. ನಡುವೆ ಬಿಳಿ ಶೂ ಹಾಕಿಕೊಂಡು ಊರಿನ ನಿಜವಾದ ಮೇಯರ್ ಇದ್ದರು. ಒಂದೂವರೆ ಗಂಟೆ ತಡವಾಗಿ ಬಂದು, ಇನ್ನೂ ಶುರುವಾಗಿಲ್ಲವೇ ಎಂದು ಎಲ್ಲರನ್ನೂ ಕೇಳಿದ್ದರು.

ವಿಲ್ಮರ್ ಕಹೋನ್ ಬಡಿಯಲು ಶುರು ಮಾಡಿದ. ಅವನ ಬಾಯಿ ಹೇಗೇ ಇರಲಿ, ಕೈ ಮಾತ್ರ ಬಂಗಾರ. ಎನೆಡಿನಾ ದವಡೆ ಎತ್ತಿದಳು. ಭಯಕ್ಕೆ ಬೆರಳುಗಳು ತಾವಾಗಿಯೇ ಬಿಗಿದವು.

"ಟಕ್" ಅಂದಿತು ದವಡೆ. "ಟಕ್. ಟಕ್."

ಜನ ತಲೆ ಎತ್ತಿ ನೋಡಿದರು. ಮಿಸ್ ಕಣ್ಣು ಮುಚ್ಚಿಕೊಂಡರು. ಎನೆಡಿನಾ ಸಿಟ್ಟಿನಿಂದ ಒಂದು ಭಾರಿ ಗುದ್ದು ಕೊಟ್ಟಳು.

ಎಡಗಡೆಯ ಒಂದು ಹಲ್ಲು ಕಿತ್ತು, ಗಾಳಿಯಲ್ಲಿ ತಿರುಗಿ, ಮೊದಲ ಸಾಲಿಗೆ ಹಾರಿ ಆ ಬಿಳಿ ಶೂವಿನ ಮೇಲೆ ಬಿತ್ತು. ಮೇಯರ್ ಬಗ್ಗಿ ನೋಡಿದರು. ಕೂಡಲೇ ತಮ್ಮ ಬಾಯನ್ನು ಮುಟ್ಟಿ ನೋಡಿಕೊಂಡರು.

ಚೌಕಕ್ಕೆ ಚೌಕವೇ ಬಿದ್ದು ಬಿದ್ದು ನಕ್ಕಿತು. ಎನೆಡಿನಾಳ ಕೈ ನಿಂತುಹೋಯಿತು. ಆದರೆ ಕಹೋನ್ ನಿಲ್ಲಲಿಲ್ಲ. ವಿಲ್ಮರ್ ನಗುತ್ತಿರಲಿಲ್ಲ. ಅವಳನ್ನೇ ನೋಡುತ್ತಾ, ಬಾ ಬಾ ಅಂತ ಕತ್ತು ಆಡಿಸುತ್ತಾ ಬಡಿಯುತ್ತಲೇ ಇದ್ದ.

ಬೀಳಬಾರದು ಅಂತ ಕಾಪಾಡಿದ ಹಲ್ಲು ಊರೆಲ್ಲ ನೋಡುವಾಗಲೇ ಬಿದ್ದಾಗಿತ್ತು. ಇನ್ನು ಕಾಪಾಡುವುದಕ್ಕೆ ಏನಿದೆ? ಎನೆಡಿನಾಳ ಬೆರಳುಗಳು ಸಡಿಲವಾದವು. ಬರೀ ಎರಡು ಬೆರಳಿನ ಮೇಲೆ ದವಡೆ ತೂಗಿತು. ಅವಳು ಮುಷ್ಟಿಯಿಂದ ಮೆಲ್ಲಗೆ ಗುದ್ದಿದಳು.

"ಗರ್ರ್ರ್" ಅಂದಿತು ದವಡೆ.

ಪೂರ್ತಿ ಸದ್ದಲ್ಲ. ಅರ್ಧ ಬಾಯಿಯ ಸದ್ದು. ಆದರೆ ಅದು ನಗುವ ಜನರ ಮಧ್ಯದಿಂದ ಹಾದು ಚೌಕದ ಆ ತುದಿಯವರೆಗೆ ಹೋಯಿತು. ಅಲ್ಲಿ ಗೋಡೆಗೆ ಒರಗಿ ನಿಂತಿದ್ದ ತಾತ ಹೆಗಲು ಕುಣಿಸಿದ್ದು ಅವಳಿಗೆ ಕಾಣಿಸಿತು. ಆಮೇಲೆ ಅವಳು ಹಾಡು ಮುಗಿಯುವವರೆಗೆ ನಿಲ್ಲಿಸಲಿಲ್ಲ.

ಆ ಸಂಜೆ ಊಟಕ್ಕೆ ಎಲ್ಲರೂ ಸೇರಿದ್ದರು. ಮೇಯರ್ ಕಡೆಯವರು ಹಲ್ಲನ್ನು ಕಾಗದದಲ್ಲಿ ಸುತ್ತಿ ಕಳಿಸಿದ್ದರು. ತಾತ ಹೇಳಿಕೊಟ್ಟ ಹಾಗೆ ಎನೆಡಿನಾ ಅದನ್ನು ತೆಳ್ಳಗಿನ ತಂತಿಯಿಂದ ದವಡೆಗೆ ಕಟ್ಟಿದಳು. ಬೀಳದ ಹಾಗೆ, ಆದರೆ ಅಲುಗಾಡುವ ಹಾಗೆ.

ತಾತ ಊಟಕ್ಕೆ ಕೂತರು. ಕಟಕಟ, ಕಟಕಟ.

"ಅಪ್ಪಾ, ಮತ್ತೆ ಶುರುವಾಯ್ತಾ? ಆ ಪೇಸ್ಟ್ ಎಲ್ಲಿ? ಇಲ್ಲೇ ಇಟ್ಟಿದ್ನಲ್ಲ" ಅಂತ ಅಮ್ಮ ಕಪಾಟಿನ ಡಬ್ಬಿಗಳನ್ನೆಲ್ಲ ಸರಿಸಿ ಸರಿಸಿ ಹುಡುಕಿದಳು. "ಎನೆಡಿನಾ, ನೀನು ನೋಡಿದ್ಯೇನೇ?"

"ಇಲ್ಲಮ್ಮ" ಅಂದಳು ಎನೆಡಿನಾ. ಜೇಬಿನಲ್ಲಿದ್ದ ಪೇಸ್ಟಿನ ಟ್ಯೂಬ್ ತೊಡೆಗೆ ಒತ್ತುತ್ತಿತ್ತು.

ತಾತ ಅಗಿಯುತ್ತಲೇ ಇದ್ದರು. ಕಟಕಟ, ಕಟಕಟ. ಎನೆಡಿನಾ ಮೇಜಿನ ಅಡಿಯಲ್ಲಿ ಎರಡು ಬೆರಳಿನಿಂದ ಅದಕ್ಕೆ ತಾಳ ಹಾಕತೊಡಗಿದಳು.