ದೇವರ ಕಾಸಿನ ಮೂರು ಗೆರೆ

“ಏಯ್! ನಿಲ್ಲಿಸು! ಕೈ ತೆಗಿ ಅಂದೆ!”

ಬಾವಿಕಟ್ಟೆಯ ಮೇಲೆ ಕೂತು ಹುಣಸೆಹಣ್ಣು, ಬೂದಿ ಹಚ್ಚಿ ದೇವರ ಕಾಸು ಉಜ್ಜುತ್ತಿದ್ದ ಪುಟ್ಟಮಲ್ಲಮ್ಮ ತಲೆ ಎತ್ತುವಷ್ಟರಲ್ಲಿ ಯಾವನೋ ಒಬ್ಬ ಬಂದು ಅವಳ ಬಲಗೈ ಮಣಿಕಟ್ಟನ್ನು ಹಿಡಿದೇಬಿಟ್ಟಿದ್ದ.

ಅವಳು ಹಿಂದೆಮುಂದೆ ನೋಡಲಿಲ್ಲ. ಎಡಗೈಯಲ್ಲಿದ್ದ ಹುಣಸೆ ಗಸಿಯನ್ನು ನೇರ ಅವನ ಮುಖಕ್ಕೆ ಬಡಿದಳು!

“ಯಾವನ್ಲಾ ನೀನು? ಅಗಲೊತ್ನಲ್ಲೇ ದೇವರ ಕಾಸು ಕದಿಯಕ್ಕೆ ಬಂದಿದ್ದೀಯಾ?”

ಅವನ ಕನ್ನಡಕದ ಗಾಜಿನ ಮೇಲೆ ಗಸಿ ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಒಳಗಿದ್ದ ಬೆಳ್ಳಿ ಕಾಸನ್ನು ಎತ್ತಿ ಬಿಸಿಲಿಗೆ ಹಿಡಿದ.

“ಹುಣಸೆಹಣ್ಣು...” ಅವನು ಕಾಸಿನ ಅಂಚನ್ನು ತಿರುಗಿಸಿ ತಿರುಗಿಸಿ ನೋಡಿದ. “ಎಷ್ಟು ವರ್ಷದಿಂದ ಹೀಗೆ ಉಜ್ಜುತ್ತಿದ್ದೀರಿ?”

“ವರ್ಸ ವರ್ಸ, ಶಿವರಾತ್ರಿ ಬಂದಾಗೆಲ್ಲ. ನಮ್ಮವ್ವ ಉಜ್ತಿದ್ಲು, ಅವಳತ್ತೆ ಉಜ್ತಿದ್ರು. ನಿಂಗ್ಯಾಕೆ?”

“ಕೊಲೆ ಮಾಡಿದ್ದೀರಿ! ಎರಡು ಸಾವಿರ ವರ್ಷದ ಅಕ್ಷರ ಇತ್ತು ಇದರ ಸುತ್ತ! ಸಗಣಿ ಬಾಚುವ ಕೈಗೆ ಇದು ಸಿಕ್ಕರೆ ಇನ್ನೇನಾಗುತ್ತೆ? ಕೊಲೆಗಡುಕಿ!”

ಕೊಲೆಗಡುಕಿ...

ಮನೆಯವರು ಮಲ್ಲಿ ಎಂದು ಕರೆಯುತ್ತಿದ್ದ ಪುಟ್ಟಮಲ್ಲಮ್ಮ ಕಟ್ಟೆಯಿಂದ ಇಳಿದು ನಿಂತಳು. ಹನ್ನೊಂದು ವರ್ಷದಿಂದ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಮಾತು ಅದು. ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅವತ್ತೇ ಮೊದಲು.

ಇವನಿಗೆ ಹೇಗೆ ಗೊತ್ತಾಯಿತು?

ಅವನಿಗೇನೂ ಗೊತ್ತಿರಲಿಲ್ಲ. ಅವನು ಹುಣಸೂರಿನ ನೀಲಕಂಠಸ್ವಾಮಿ. ಮೈಸೂರಿನಲ್ಲಿ ಹಳೇ ನಾಣ್ಯಗಳ ಮೇಲೆ ದೊಡ್ಡ ಪದವಿಗೆ ಓದುತ್ತಿದ್ದವನು. ತಾಲ್ಲೂಕು ಅಮಲ್ದಾರರ ಪರವಾನಗಿ ಕಾಗದ ಹಿಡಿದು ಊರೂರು ಅಲೆಯುತ್ತಾ, ಸಾಲಿಗ್ರಾಮದಿಂದ ಎರಡು ಮೈಲಿ ದೂರದ ಈ ಹಳ್ಳಿಗೆ ಬಂದಿದ್ದ. ಸಾವಿರದ ಒಂಬೈನೂರ ಐವತ್ತೈದನೇ ಇಸವಿ.

ಆ ಮನೆಯ ದೇವರ ಗೂಡಿನಲ್ಲಿ ಒಂಬತ್ತು ಬೆಳ್ಳಿ ಕಾಸುಗಳಿದ್ದವು. ಯಾವ ಕಾಲದಲ್ಲೋ ಹೊಲ ಉಳುವಾಗ ಸಿಕ್ಕಿದ್ದು. ಒಂದೊಂದರ ಮೇಲೂ ಪಕ್ಕಕ್ಕೆ ತಿರುಗಿದ ಗಂಡಸಿನ ಮುಖ. ಮನೆಯವರ ಪಾಲಿಗೆ ಅವರು ಒಂಬತ್ತು ಮಂದಿ ಶಿವಶರಣರು. ಶಿವರಾತ್ರಿಯ ಹಿಂದಿನ ದಿನ ಹುಣಸೆಹಣ್ಣು ಹಚ್ಚಿ ಥಳಥಳ ಬೆಳಗಬೇಕು, ಹಬ್ಬದ ದಿನ ಹಣೆಗೆ ವಿಭೂತಿ ಇಡಬೇಕು. ಅದು ನಡೆದುಬಂದ ಪದ್ಧತಿ.

ಮಲ್ಲಿಗೆ ಒಂಬತ್ತು ವರ್ಷವಿದ್ದಾಗ ಒಂದು ಯೋಚನೆ ಬಂದಿತ್ತು. ಇಟ್ಟ ವಿಭೂತಿ ಒಣಗಿ ಉದುರಿಹೋಗುತ್ತದೆ. ಪಾಪ, ಕಾಸಿನ ಮೇಲಿನ ಈ ಅಜ್ಜಂದಿರ ಹಣೆ ವರ್ಷವೆಲ್ಲ ಬೋಳು! ಗೋಣಿಚೀಲ ಹೊಲಿಯುವ ದಬ್ಬಣ ತಂದಳು. ಎಲ್ಲರಿಗಿಂತ ಚೆನ್ನಾಗಿದ್ದ ಅಜ್ಜನ ಹಣೆಯ ಮೇಲೆ ಮೂರು ಗೆರೆ ಎಳೆದಳು. ಇನ್ನು ಯಾವತ್ತೂ ಅಳಿಸಲ್ಲ ಅಂತ ಕುಣಿದಳು.

ಒಂಬತ್ತನೇ ದಿನಕ್ಕೆ ಅವ್ವನಿಗೆ ಚಳಿಜ್ವರ. ತಿಂಗಳು ತುಂಬುವುದರೊಳಗೆ ಅವ್ವ ಮಣ್ಣಾದಳು.

“ದೇವರಿಗೆ ಅಪಚಾರ ಆಗ್ಬುಟ್ಟದೆ ಕಣ್ರಪ್ಪಾ! ಈ ಮನೇಲಿ ಯಾರೋ ಮಾಡವ್ರೆ!” ಅಂತ ಸೋದರತ್ತೆ ಗುರುಶಾಂತಮ್ಮ ಎದೆ ಬಡಿದುಕೊಂಡಾಗ, ಮಲ್ಲಿ ಬಾಯಿಗೆ ಲಂಗದ ಅಂಚು ತುರುಕಿಕೊಂಡಿದ್ದಳು. ಮೂರನೇ ಕ್ಲಾಸಿನಿಂದ ಬಿಡಿಸಿ ಅವಳನ್ನು ಒಲೆ ಮುಂದೆ ಕೂರಿಸಿದರು. ಅವಳು ಅಳಲಿಲ್ಲ. ನಾನು ಮಾಡಿದ್ದಕ್ಕೆ ಇದು ಕಡಿಮೆಯೇ ಅಂದುಕೊಂಡಳು!

ನೀಲಕಂಠಸ್ವಾಮಿ ಜಗುಲಿಯ ಮೇಲೆ ಹನ್ನೆರಡು ದಿನ ಉಳಿದ. ಕಾಸು ನೋಡಬಹುದು, ಮನೆಯಿಂದ ಆಚೆ ಒಯ್ಯುವ ಹಾಗಿಲ್ಲ ಅಂತ ಅಪ್ಪ ಷಣ್ಮುಖಪ್ಪನ ಕಟ್ಟಪ್ಪಣೆ. ದೇವರ ಗೂಡು ಮುಟ್ಟುವವಳು ಮಲ್ಲಿಯೊಬ್ಬಳೇ. ಹಾಗಾಗಿ ಕಾಸು ತಂದು ಕೊಡುವವಳೂ ಅವಳೇ, ಕಾಯುವವಳೂ ಅವಳೇ.

“ಹಾಗಲ್ಲ, ಅಂಚಲ್ಲಿ ಹಿಡಿ. ಮುಖ ಮುಟ್ಟಬೇಡ.”

“ಯಾಕೆ, ಅವರಿಗೆ ಕಚಗುಳಿ ಆಯ್ತದಾ?”

ಅವನಿಗೆ ನಗು ಬಂತು. ಗುಲಗಂಜಿ ತೂಗುವಂಥ ಪುಟ್ಟ ತಕ್ಕಡಿ ಇಟ್ಟುಕೊಂಡು, ರೋಮ್ ಎಂಬ ಊರಿನ ಕತೆ ಹೇಳಿದ. ಅಲ್ಲಿನವರು ಹಡಗು ಹತ್ತಿ ಬಂದು, ಘಟ್ಟದ ಮೆಣಸು ಒಯ್ಯುತ್ತಿದ್ದರಂತೆ. ಕೊಟ್ಟ ಬೆಳ್ಳಿಯ ಮೇಲೆಲ್ಲ ಅವರ ದೊರೆಯ ತಲೆ.

“ಅಂದ್ರೆ ಮೆಣಸು ತಕ್ಕೊಂಡು ತಲೆ ಕೊಟ್ಟೋದ್ರು ಅನ್ನಿ!”

ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ಅವಳನ್ನೇ ನೋಡಿದ. “ಅವತ್ತು ನಿನ್ನ ಕೈಗೆ ಏನೋ ಅಂದುಬಿಟ್ಟೆ... ಇಷ್ಟು ಹಗುರ ಕೈ ನಾನು ನೋಡಿಲ್ಲ ಮಲ್ಲಿ.”

ಅಷ್ಟೇ ಸಾಕಾಯಿತು ಅವಳಿಗೆ! ಹನ್ನೊಂದು ವರ್ಷದಿಂದ ತಾನೇ ಹೇಸಿಕೊಂಡಿದ್ದ ಕೈಯನ್ನು ಒಬ್ಬರು ಹೊಗಳಿದರಲ್ಲ...

ಹನ್ನೊಂದನೇ ದಿನ, ಕೊನೆಗೆ ಉಳಿದಿದ್ದ ಆ ಅಜ್ಜನ ಕಾಸಿಗೆ ಭೂತಗನ್ನಡಿ ಹಿಡಿದವನು ಕಿರುಚಿಕೊಂಡ.

“ವಿಭೂತಿ! ಮೂರು ಗೆರೆ ವಿಭೂತಿ! ಎರಡು ಸಾವಿರ ವರ್ಷದ ಹಿಂದೆ ಇಲ್ಲಿನ ಶೈವರು ರೋಮ್ ದೊರೆಯ ಹಣೆಗೆ ವಿಭೂತಿ ಕೊರೆದಿದ್ದಾರೆ! ಪ್ರಪಂಚದಲ್ಲಿ ಎಲ್ಲೂ ಇಲ್ಲ ಇಂಥದ್ದು!”

ಮಲ್ಲಿ ಮಜ್ಜಿಗೆ ಚೊಂಬು ಕೆಳಗಿಟ್ಟು ಹತ್ತಿರ ಬಂದಳು. “ಮೇಷ್ಟ್ರೇ... ಅದು...”

“ಸುಮ್ನಿರು, ಅಳತೆ ಬರ್ಕೋಬೇಕು!”

ಮಾರನೆಯ ದಿನ ಅಪ್ಪನ ಕಾಲು ಹಿಡಿದು, ಆ ಒಂದು ಕಾಸನ್ನು ಎರವಲು ಪಡೆದು ಹೊರಟ. ಮಲ್ಲಿ ನಾಲೆ ಏರಿಯ ತನಕ ಓಡಿ ಬಂದು ಅಡ್ಡ ನಿಂತಳು. ಏದುಸಿರು ಬಿಡುತ್ತಾ ಎಲ್ಲವನ್ನೂ ಹೇಳಿದಳು. ದಬ್ಬಣ, ಬೋಳು ಹಣೆ, ಅವ್ವನ ಜ್ವರ... ಹುಟ್ಟಿದ ಮೇಲೆ ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದಳು.

“ನಮ್ಮತ್ತೆಗೆ ಮಾತ್ರ ಹೇಳ್ಬೇಡಿ, ನಿಮ್ಮ ದಮ್ಮಯ್ಯ. ಅವ್ವನ್ನ ಕೊಂದೋಳು ನಾನೇ ಅಂತಾರೆ...”

ಅವನು ಕೇಳಿದ. ಕೇಳಿ ನಕ್ಕ!

“ನಾನು ಹೋಗ್ತೀನಿ ಅಂತ ನಿನಗೆ ಸಂಕಟ. ಅದು ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಅದಕ್ಕೆ ಸತ್ತ ತಾಯಿ ಮೇಲೆ ಸುಳ್ಳು ಕಟ್ತೀಯಾ? ಥೂ... ಸುಳ್ಳುಗಾತಿ! ಇದು ನಿನ್ನಂಥವರಿಗೆ ಅರ್ಥ ಆಗೋ ವಿಷಯ ಅಲ್ಲ. ದಾರಿ ಬಿಡು.”

ಓದಿದವರಿಗೆ ಒಂದು ರೋಗ ಇದೆ. ಕಲ್ಲು ಮಾತಾಡಿದರೆ ಕೇಳಿಸುತ್ತದೆ, ತಾಮ್ರ ಮಾತಾಡಿದರೆ ಕೇಳಿಸುತ್ತದೆ. ಎದುರಿಗೆ ನಿಂತ ಹೆಣ್ಣು ಬಾಯಿಬಿಟ್ಟು ಹೇಳಿದ್ದು ಮಾತ್ರ ಕೇಳಿಸುವುದಿಲ್ಲ!

ಅವಳು ದಾರಿ ಬಿಟ್ಟಳು.

ದಸರಾ ಕಳೆದು ಒಂದು ವಾರ. ಮಲ್ಲಿ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಮೊರದೊಳಗೆ ಠಣ್ಣಂತ ಏನೋ ಬಿತ್ತು. ಅಜ್ಜನ ಕಾಸು!

ಎದುರಿಗೆ ನೀಲಕಂಠಸ್ವಾಮಿ. ವಾರದ ಗಡ್ಡ, ಕೆಂಪು ಕಣ್ಣು. ಒಂದು ಕ್ಷಣ ಅವಳ ಜೀವ ಹಿಗ್ಗಿತು... ಬಂದ್ರಲ್ಲಾ!

“ಇದು ಈಗಿನ ಉಕ್ಕಿನ ಮೊನೆಯ ಗೀರಂತೆ, ಮೈಸೂರಲ್ಲಿ ಪರೀಕ್ಷೆ ಮಾಡಿದವರು ಅಂತಾರೆ!” ಅವನು ಅಂಗಳದ ನಡುವೆ ನಿಂತು ಅರಚಿದ. “ನಾನೇ ಗೀಚಿ ಮೋಸ ಮಾಡಿದೆನಂತೆ! ಬರುವ ಸೋಮವಾರ ಮೂವರು ಹಿರಿಯರು ಕೂತು ಪದವಿ ಪಟ್ಟಿಯಿಂದ ನನ್ನ ಹೆಸರನ್ನೇ ಹೊಡೆದುಹಾಕ್ತಾರೆ. ಯಾರು ಮಾಡಿದ್ದು? ಕಾಸಿನ ಬೆಲೆ ಏರಲಿ ಅಂತ ನೀವೇನಾ ಷಣ್ಮುಖಪ್ಪನೋರೇ?”

“ದೇವರ ಕಾಸಿಗೆ ಬೆಲೆಯಾ? ನಾಲಿಗೆ ಬಿಗಿ ಹಿಡಿದು ಮಾತಾಡಪ್ಪಾ!” ಅಪ್ಪ ಎದ್ದು ನಿಂತ.

ನೀಲಕಂಠಸ್ವಾಮಿಯ ಕಣ್ಣು ಮಲ್ಲಿಯ ಕಡೆ ತಿರುಗಿತು. ನಾಲೆ ಏರಿಯ ಮಾತು ನೆನಪಾಯಿತು.

ಬೇಡ... ದಮ್ಮಯ್ಯ, ಬೇಡ... ಅವಳು ಕಣ್ಣಲ್ಲೇ ಬೇಡಿಕೊಂಡಳು.

“ನೀನು! ದಬ್ಬಣ ಅಂದಿದ್ದೆ ನೀನು! ಹೇಳು, ನಿಮ್ಮತ್ತೆ ಮುಂದೇನೇ ಹೇಳು! ದೇವರ ಮುಖ ಗೀಚಿದವಳು ನೀನೇ ತಾನೆ?”

ಮಲ್ಲಿ ಮೊರ ಕೆಳಗಿಟ್ಟಳು.

“ಊಂ... ನಾನೇ,” ಅಂದಳು ಮಲ್ಲಿ.

ಗುರುಶಾಂತಮ್ಮ ನಿಧಾನಕ್ಕೆ ಹೊಸ್ತಿಲು ದಾಟಿ ಬಂದಳು. “ಯಾವ ವರ್ಸ?”

“ಅವ್ವ... ಓದ ವರ್ಸ.”

ಅತ್ತೆ ಕೂಗಾಡಲಿಲ್ಲ. ಒಳಗೆ ಹೋದಳು. ಒಲೆಯಿಂದ ಹಿರಿದ ಕೊಳ್ಳಿ ಹಿಡಿದು ಬಂದಳು.

“ಯಾವ ಕೈ? ಎಡಗೈ ತಾನೆ? ಎಡಚಿ ಮುಂಡೇದು... ಹೆತ್ತೋಳ್ನ ತಿಂದು, ಹನ್ನೊಂದು ವರ್ಸ ನಮ್ಗೆಲ್ಲ ಅದೇ ಕೈಲಿ ಅನ್ನ ಇಕ್ಕುದ್ಯಲ್ಲೇ!”

ಮಲ್ಲಿ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ತಾನೇ ಚಾಚಿದಳು!

ಚರ್ಮ ಸುಟ್ಟ ವಾಸನೆ ಅಂಗಳಕ್ಕೆಲ್ಲ ಹರಡಿತು. ಅಪ್ಪ ಗೋಡೆ ಕಡೆ ಮುಖ ತಿರುಗಿಸಿದ್ದ. ನೀಲಕಂಠಸ್ವಾಮಿ “ಅಯ್ಯೋ, ಬಿಡಿ!” ಅಂತ ನುಗ್ಗಿ ಕೊಳ್ಳಿ ಕಿತ್ತೆಸೆಯುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು.

“ಮಲ್ಲಿ... ನಾನು... ಅವ್ವನ ವಿಷಯ ನೀನು ಹೇಳಿದ್ದೆಲ್ಲ ನಿಜವಾ?”

ಅವಳು ಮಣ್ಣಲ್ಲಿ ಕೂತು ಅವನನ್ನು ನೋಡಿದಳು. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

“ನಾಲೆ ಏರಿ ಮೇಲೇ ಹೇಳಿದ್ನಲ್ಲ ಮೇಷ್ಟ್ರೇ. ಈಗ ಕೇಳುಸ್ತಾ?”

ಸೋಮವಾರ. ಮೈಸೂರಿನ ಆ ದೊಡ್ಡ ಕೋಣೆಯಲ್ಲಿ ಮೂವರು ಹಿರಿಯರು. ಎದುರಿಗೆ ತಲೆ ತಗ್ಗಿಸಿ ನಿಂತ ನೀಲಕಂಠಸ್ವಾಮಿ.

“ನೀವು ಹೇಳುವ ಆ ಹುಡುಗಿ ಎಲ್ಲಿ?”

“ಅವಳನ್ನು ಕರೆಯುವ ಮುಖ ನನಗಿಲ್ಲ ಸಾರ್. ನನ್ನ ಹೆಸರು ಹೊಡೆದುಹಾಕಿ.”

“ನಾನೇ ಬಂದಿವ್ನಿ ಬುಡಿ!”

ಬಾಗಿಲಲ್ಲಿ ಮಲ್ಲಿ! ಯಾರಿಗೂ ಹೇಳದೆ, ಮೊದಲನೇ ಬಸ್ಸಿಗೆ ಕೆ.ಆರ್. ನಗರಕ್ಕೆ ಬಂದು, ರೈಲು ಹತ್ತಿ, ಕೇಳಿ ಕೇಳಿ ಬಂದಿದ್ದಳು. ಎಡಗೈಗೆ ಹಳೇ ಸೀರೆಯ ಬಟ್ಟೆ. ಸೊಂಟದ ಚೀಲದಲ್ಲಿ ದಬ್ಬಣ, ಸೆರಗಿನ ಗಂಟಲ್ಲಿ ಅಜ್ಜನ ಕಾಸು.

ಒಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಅಂದು ನಕ್ಕರು. “ಏನಮ್ಮಾ, ಎಷ್ಟು ದಿನ ಹೇಳಿಕೊಟ್ಟ ನಿನಗೆ, ಈ ಪಾಠ?”

“ಹೇಳ್ಕೊಟ್ಟಿದ್ದು ಬರೋ ಹಂಗಿದ್ರೆ ಮೂರನೇ ಕ್ಲಾಸಿಗೇ ಯಾಕೆ ನಿಲ್ತಿದ್ದೆ ಸ್ವಾಮಿ? ಒಂದು ಹಳೇ ಬೆಳ್ಳಿ ಪಾವಲಿ, ನಾಲ್ಕಾಣೆದು, ಕೊಡಿ.”

ಬಟ್ಟೆ ಬಿಚ್ಚಿದಳು. ಅಂಗೈ ನೋಡಿ ನಗುತ್ತಿದ್ದವರ ನಗು ನಿಂತಿತು. ಬೊಬ್ಬೆ ಎದ್ದ ಬೆರಳುಗಳಲ್ಲಿ ದಬ್ಬಣ ಹಿಡಿದು, ಪಾವಲಿಯ ಮೇಲಿದ್ದ ರಾಜನ ಹಣೆಗೆ ಮೂರು ಗೆರೆ ಎಳೆದಳು. ಬಲದಿಂದ ಎಡಕ್ಕೆ, ಎಡಚರು ಎಳೆಯುವ ಹಾಗೆ. ಮೂರನೇ ಗೆರೆಗೆ ಬೊಬ್ಬೆ ಒಡೆದು ನೀರು ಸುರಿಯಿತು. ತುಟಿ ಕಚ್ಚಿದಳು, ಬಿಡಲಿಲ್ಲ.

ಹಿರಿಯರು ಎರಡನ್ನೂ ಗಾಜಿನಡಿ ಇಟ್ಟರು. ಎರಡರಲ್ಲೂ ಗೆರೆ ಬಲಕ್ಕೆ ಆಳ, ಎಡಕ್ಕೆ ತೆಳು, ತುದಿಯಲ್ಲಿ ಒಂದೇ ಥರದ ಕೊಕ್ಕೆ. ಗಾಜು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿತು.

“ನೀಲಕಂಠಸ್ವಾಮಿ, ನೀನು ಮೋಸ ಬರೆದಿಲ್ಲ, ದಡ್ಡತನ ಬರೆದಿದ್ದೀಯ,” ಅಂದರು ಎಲ್ಲರಿಗಿಂತ ಹಿರಿಯರು. “ಬರೆದದ್ದೆಲ್ಲ ಹರಿದುಹಾಕು. ಮೊದಲಿಂದ ಬರೆ.”

ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚು. ಅವನು ಹಿಂದೆಯೇ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ.

“ನಾನು ಮಾಡಿದ್ದಕ್ಕೆ... ನನ್ನ ಹೆಸರು ಉಳಿಸೋಕೆ ನೀವು ಯಾಕೆ ಬಂದ್ರಿ?”

“ಈಗ ನೀವು ಅಂತೀರಾ? ಸಗಣಿ ಬಾಚೋ ಕೈಗೆ?” ಅವಳು ಹಳಿಗಳನ್ನೇ ನೋಡುತ್ತಾ ಅಂದಳು. “ನಿಮ್ಮ ಹೆಸರು ಕಟ್ಕೊಂಡು ನಂಗೇನಾಗ್ಬೇಕು? ಸುಳ್ಳುಗಾತಿ ಅಂದ್ರಲ್ಲ, ಅದುನ್ನ ಅಳಿಸಕ್ಕೆ ಬಂದೆ.”

ಅವನು ಕನ್ನಡಕ ತೆಗೆದ. ಅಳುವುದು ಅವನಿಗೆ ಬರುತ್ತಿರಲಿಲ್ಲ, ಗಾಜನ್ನು ಮತ್ತೆ ಮತ್ತೆ ಒರೆಸಿದ.

“ಮೊದಲಿಂದ ಬರೀತೀನಿ. ಮನೆಮನೆ ದೇವರ ಗೂಡಿನ ಕಾಸಿನ ಬಗ್ಗೆ. ವಿಭೂತಿ ಎಳೆದವಳು ಪುಟ್ಟಮಲ್ಲಮ್ಮ ಅಂತ ಮೊದಲನೇ ಪುಟದಲ್ಲೇ ಬರೀತೀನಿ. ಅದಕ್ಕೂ ಮೊದಲು ಇದೇ ರೈಲಿಗೆ ಬರ್ತೀನಿ. ನಿಮ್ಮ ಅಂಗಳದಲ್ಲಿ, ನಾನು ಅರಚಿದ ಜಾಗದಲ್ಲೇ ನಿಂತು ತಪ್ಪಾಯ್ತು ಅಂತೀನಿ. ಅಟ್ಟಿದ್ರೆ ಅಟ್ಟಲಿ, ಜಗುಲಿ ಬಿಟ್ಟು ಏಳಲ್ಲ. ಮಲ್ಲಿ... ನೀನಿಲ್ಲದೆ ನನಗೆ ಆಗಲ್ಲ. ನಿಮ್ಮ ಮಗಳನ್ನ ನನಗೆ ಕೊಡಿ ಅಂತ ನಿಮ್ಮಪ್ಪನ್ನ ಕೇಳ್ತೀನಿ.”

ಅವಳು ಸೆರಗಿನ ಗಂಟಲ್ಲಿದ್ದ ಕಾಸನ್ನು ಮುಟ್ಟಿ ನೋಡಿಕೊಂಡಳು. ದೂರದಲ್ಲಿ ರೈಲು ಕೂಗಿತು.

“ಅಪ್ಪನ್ನ ಕೇಳೋದು ಆಮೇಲೆ. ಮೊದ್ಲು ನಾನು ಒಂದು ಮಾತು ಕೇಳ್ತೀನಿ. ನೀವು ಓದಿದೋರು... ದಿಟ ಹೇಳಿ.” ದನಿ ಒಡೆಯಿತು. ಒಂಬತ್ತು ವರ್ಷದ ಹುಡುಗಿಯ ದನಿಯಾಯಿತು. “ನಮ್ಮವ್ವ... ನನ್ನಿಂದ ಸತ್ಲಾ?”

ಅವನು ಹತ್ತಿರ ಸರಿದು ಆ ಸುಟ್ಟ ಕೈಯ ಕೆಳಗೆ ತನ್ನ ಕೈ ಹಿಡಿದ. ಗಾಯ ಮುಟ್ಟದೆ, ಅಂಚನ್ನು ಮಾತ್ರ, ಕಾಸು ಹಿಡಿಯಲು ಅವಳಿಗೆ ಕಲಿಸಿದ ಹಾಗೇ.

“ಇಲ್ಲ. ಸೊಳ್ಳೆ ಕಚ್ಚಿ ಬರೋ ಜ್ವರ ಅದು. ಆ ವರ್ಷ ಕೋಟೆ ತಾಲ್ಲೂಕಲ್ಲಿ ಊರಿಗೆ ಊರೇ ಮಲಗಿತ್ತು. ಅವರ್ಯಾರೂ ಕಾಸು ಗೀಚಿರಲಿಲ್ಲ. ನಿನ್ನಿಂದ ಅಲ್ಲ ಮಲ್ಲಿ.”

ರೈಲು ಬಂದು ನಿಂತಿತು. ಜನ ಹತ್ತಿದರು, ಇಳಿದರು. ಅವಳು ಏಳಲಿಲ್ಲ. ಹನ್ನೊಂದು ವರ್ಷದ ಕಣ್ಣೀರು ಅವನ ಅಂಗೈ ಮೇಲೆ ಟಪಟಪನೆ ಬೀಳುತ್ತಿತ್ತು.

“ಇನ್ನೊಂದ್ ಸಲ ಹೇಳಿ...”

“ನಿನ್ನಿಂದ ಅಲ್ಲ.”

“ಇನ್ನೊಂದ್ ಸಲ...”