ಬರೀ ಟೊಮೆಟೊ

ಪಾತ್ರೆಯಲ್ಲಿ ಕುಂಬಳಕಾಯಿ ಇತ್ತು.

ಪಟಾಕಿ ಬಗ್ಗಿ ಇನ್ನೊಮ್ಮೆ ನೋಡಿದಳು. ಹೌದು, ಕುಂಬಳಕಾಯಿಯೇ. ಅದರ ಪಕ್ಕ ಹೂಕೋಸಿನ ದಂಟು, ಕ್ಯಾರೆಟ್, ನಡುವೆ ಬೀಟ್‌ರೂಟಿನ ಎರಡು ತುಂಡು. ಅವಳ ಶತ್ರುಗಳೆಲ್ಲ ಒಂದೇ ಪಾತ್ರೆಯಲ್ಲಿ ಸೇರಿಕೊಂಡು ಕೊತಕೊತ ಕುದಿಯುತ್ತಿದ್ದರು.

ಸ್ಕೂಲಿನಲ್ಲಿ ನೀರಿನ ಮೋಟರ್ ಕೆಟ್ಟು, ಅವತ್ತು ಮಧ್ಯಾಹ್ನಕ್ಕೇ ಮಕ್ಕಳನ್ನು ಮನೆಗೆ ಕಳಿಸಿಬಿಟ್ಟಿದ್ದರು. ಅವಳು ಇಷ್ಟು ಬೇಗ ಬರುತ್ತಾಳೆ ಅಂತ ಅಪ್ಪ ಅಂದುಕೊಂಡಿರಲಿಲ್ಲ. ಒಂದು ಕೈಯಲ್ಲಿ ಮಿಕ್ಸಿ ಜಾರ್, ಇನ್ನೊಂದು ಕೈಯಲ್ಲಿ ಟೊಮೆಟೊ ಹಿಡಿದು ಒಲೆಯ ಮುಂದೆ ನಿಂತಿದ್ದ. ಒಂದೇ ಒಂದು ಟೊಮೆಟೊ.

"ಇದು ಯಾರಿಗೆ?" ಪಟಾಕಿ ಕೇಳಿದಳು.

"ಇದಾ? ಇದು... ಸುಮ್ನೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಪ್ಪನೂ ಟೊಮೆಟೊ ಕೆಳಗಿಟ್ಟು ಹೆಗಲ ಮೇಲಿದ್ದ ಟವೆಲ್ ಮುಟ್ಟಿಕೊಂಡ.

ನೆಲದ ಮೇಲೆ ಕುಂಬಳದ ಬೀಜಗಳನ್ನು ಸಾಲಾಗಿ ಜೋಡಿಸುತ್ತಿದ್ದ ತಮ್ಮ ಚೋಟು ತಲೆ ಎತ್ತಿದ. ಅವನಿಗೆ ನಾಲ್ಕು ವರ್ಷ. "ಅಕ್ಕಂದು ಕೆಂಪು ಸಾಸ್!" ಅಂತ ಖುಷಿಯಿಂದ ಕೂಗಿದ. ಆಮೇಲೆ ಏನೋ ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದ. "ಅಕ್ಕಂಗೆ ಹೇಳ್ಬಾರ್ದು!"

ಪಟಾಕಿಯ ಕಿವಿ ಬಿಸಿಯಾಯಿತು.

ಅವಳಿಗೆ ಬೇರೆ ಹೆಸರು ಇತ್ತು. ಆದರೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿದ್ದರಿಂದ ಆ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಬೀನ್ಸ್ ಕಂಡರೆ ಮುಖ ತಿರುಗಿಸುತ್ತಿದ್ದಳು. ಸೊಪ್ಪು ಕಂಡರೆ ತಟ್ಟೆ ತಳ್ಳುತ್ತಿದ್ದಳು. ಅವಳು ಕೇಳಿ ಹಾಕಿಸಿಕೊಂಡು ತಿನ್ನುತ್ತಿದ್ದದ್ದು ಅಪ್ಪ ಮಾಡುವ ಕೆಂಪು ಸಾಸ್ ಒಂದೇ. ಅನ್ನಕ್ಕೂ ಅದೇ, ಬ್ರೆಡ್ಡಿಗೂ ಅದೇ, ಮೊಟ್ಟೆಗೂ ಅದೇ.

ಅಪ್ಪನದು ಕಟಿಂಗ್ ಶಾಪ್. ವಾರಕ್ಕೆ ಒಂದು ದಿನ ರಜೆ. ಆ ದಿನ ಪಟಾಕಿ ಸ್ಕೂಲಿಗೆ ಹೋದ ಮೇಲೆ ಅಪ್ಪ ಒಂದು ವಾರಕ್ಕಾಗುವಷ್ಟು ಸಾಸ್ ಮಾಡಿಡುತ್ತಿದ್ದ. ಅವಳು ಸಂಜೆ ಬಂದು, "ಏನಿದೆ ಇದ್ರಲ್ಲಿ?" ಅಂತ ಕೇಳುತ್ತಿದ್ದಳು. ಪ್ರತಿ ಸಲವೂ ಕೇಳುತ್ತಿದ್ದಳು. "ಬರೀ ಟೊಮೆಟೊ," ಅನ್ನುತ್ತಿದ್ದ ಅಪ್ಪ.

ಮೂರು ವರ್ಷದಿಂದ ಅದೇ ಮಾತು.

"ಸುಳ್ಳ!" ಪಟಾಕಿ ಸ್ಕೂಲ್ ಬ್ಯಾಗನ್ನು ಧೊಪ್ಪನೆ ನೆಲಕ್ಕೆ ಹಾಕಿದಳು. ಬೀಜಗಳ ಸಾಲು ಚೆಲ್ಲಾಪಿಲ್ಲಿಯಾಯಿತು. "ನೀನು ದೊಡ್ಡ ಸುಳ್ಳ!"

"ಏಯ್, ಬಾಯಿಗೆ ಬಂದ ಹಾಗೆ ಮಾತಾಡ್ಬೇಡ."

"ಅಂಗಡೀಲೂ ಹಿಂಗೇ ಮಾಡ್ತೀಯ! ಚಿಕ್ಕ ಮಕ್ಕಳಿಗೆ 'ಚೂರೇ ಚೂರು ಕಟ್ ಮಾಡ್ತೀನಿ' ಅಂತ ಹೇಳಿ, ಇರೋ ಬರೋ ಕೂದಲೆಲ್ಲ ತೆಗೀತೀಯ. ನಾನೇ ನೋಡಿದ್ದೀನಿ!"

ಅಪ್ಪನಿಗೂ ಸಿಟ್ಟು ಬಂತು. ಪಟಾಕಿಗೆ ಆ ಮೂಗು ಎಲ್ಲಿಂದ ಬಂದಿದೆಯೋ, ಆ ಕೋಪವೂ ಅಲ್ಲಿಂದಲೇ ಬಂದಿತ್ತು.

"ಹೌದು ಕಣೇ, ಹಾಕ್ದೆ! ಇನ್ನೇನು ಮಾಡ್ಲಿ? ಬೀನ್ಸ್ ಬೇಡ, ಸೊಪ್ಪು ಬೇಡ, ಕ್ಯಾರೆಟ್ ಬೇಡ. ಗಾಳಿ ಕುಡಿದು ಬದುಕ್ತೀಯಾ? ವಾರಕ್ಕಾಗೋಷ್ಟು ಬರೀ ಟೊಮೆಟೊದಲ್ಲೇ ಮಾಡೋಕೆ ಬುಟ್ಟಿ ತುಂಬ ತರ್ಬೇಕು. ದಂಟೂ ಬೇಯಿಸಿದ್ರೆ ತಿನ್ನೋ ವಸ್ತುವೇ. ಬಿಸಾಡೋಕೆ ನಾವೇನು ರಾಜರಾ?"

"ಬಿಸಾಡು ಅಂತ ನಾನು ಹೇಳಿದ್ನಾ? ನಂಗೆ ಹೇಳು ಅಂತ ಹೇಳ್ತಿರೋದು!"

ಅಪ್ಪ ಆ ಕಡೆ ತಿರುಗಿ ಒಲೆ ಸಣ್ಣ ಮಾಡಿದ.

ಪಟಾಕಿಗೆ ಹೋದ ತಿಂಗಳ ಬೀನ್ಸ್ ನೆನಪಾಯಿತು. ಡಬ್ಬಿಯಲ್ಲಿದ್ದ ಬೀನ್ಸನ್ನು ಕಾಗದದಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ತುರುಕಿ, ಅಪ್ಪನಿಗೆ "ತಿಂದೆ" ಅಂದಿದ್ದಳು. ನಾಲ್ಕನೇ ದಿನ ಬ್ಯಾಗೇ ನಾರಿ ಎಲ್ಲ ಹೇಳಿಬಿಟ್ಟಿತು. "ಯಾಕೆ ಸುಳ್ಳು ಹೇಳ್ದೆ?" ಅಂತ ಅಪ್ಪ ಕೇಳಿದ್ದ. "ನೀನು ಬೈತೀಯ ಅಂತ ಭಯ ಆಯ್ತು," ಅಂದಿದ್ದಳು. ಅಪ್ಪ ಬೈಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದ. ಎರಡು ದಿನ ಮಾತು ಬಿಟ್ಟ. ಅವತ್ತಿನಿಂದ ಸ್ಕೂಲ್ ಬಿಟ್ಟು ಅವಳು ಅಂಗಡಿಗೆ ಬಂದ ಕೂಡಲೇ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಿದ್ದ. ಕೂತಿದ್ದ ಗಿರಾಕಿಗಳೆಲ್ಲ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಅವಳಿಗೆ ನಾಚಿಕೆಯಿಂದ ಸತ್ತುಹೋಗುವ ಹಾಗೆ ಆಗುತ್ತಿತ್ತು.

ಮಾತು ಬಿಡುವ ಮುಂಚೆ ಅಪ್ಪ ಹೇಳಿದ್ದ ಮಾತು ಅವಳಿಗೆ ಬಾಯಿಪಾಠವಾಗಿತ್ತು. ಈಗ ಅದನ್ನೇ ಅವನಿಗೆ ವಾಪಸ್ ಕೊಟ್ಟಳು.

"ಸುಳ್ಳು ಹೇಳೋ ಬಾಯಿ ಜೊತೆ ನಂಗೆ ಮಾತಿಲ್ಲ. ಎರಡು ದಿನ!"

ಅಮ್ಮ ಬಸ್ ಕಂಡಕ್ಟರ್. ಸಂಜೆ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ನಿಂಗೂ ಗೊತ್ತಿತ್ತಾ?" ಪಟಾಕಿ ಬಾಗಿಲಲ್ಲೇ ಹಿಡಿದಳು.

ಅಮ್ಮ ಅಡುಗೆಮನೆಯ ಕಡೆ ನೋಡಿದಳು. "ಗೊತ್ತಿತ್ತು."

"ಚೋಟುಗೂ ಗೊತ್ತಿತ್ತು! ನಾನೊಬ್ಬಳೇ ಪೆದ್ದಿ!"

"ತಿಂದು ಗಟ್ಟಿಮುಟ್ಟಾಗೇ ಇದ್ದೀಯಲ್ಲ, ಬಿಡೇ."

ಬಿಡುವುದಂತೆ. ಇವರೇ ಸುಳ್ಳು ಹೇಳಬಾರದು ಅನ್ನುವವರು. ಇವರೇ ಬೀನ್ಸಿಗೆ ಎರಡು ದಿನ ಮಾತು ಬಿಡುವವರು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನುವ ಗಾದೆಯನ್ನು ಟೀಚರ್ ಹೇಳಿಕೊಟ್ಟಾಗ ಪಟಾಕಿಗೆ ಅರ್ಥವಾಗಿರಲಿಲ್ಲ. ಈಗ ಚೆನ್ನಾಗಿ ಅರ್ಥವಾಯಿತು. ಅವತ್ತು ಅವಳು ಅನ್ನಕ್ಕೆ ಉಪ್ಪು ಕಲಸಿಕೊಂಡು ತಿಂದಳು. ಒಂದೊಂದು ತುತ್ತನ್ನೂ ಸಿಟ್ಟಿನಿಂದ ಅಗಿದಳು.

ಮಾರನೆಯ ದಿನ ಡಬ್ಬಿಗೆ ಒಣ ಬ್ರೆಡ್ ಹಾಕಿಕೊಂಡು ಹೋದಳು. ಸಂಜೆ ಅಂಗಡಿಗೆ ಹೋಗದೆ, ಅಮ್ಮ ಬೆಳಗಿನ ಡ್ಯೂಟಿ ಮುಗಿಸಿ ಮನೆಯಲ್ಲೇ ಇದ್ದದ್ದರಿಂದ ನೇರ ಮನೆಗೇ ಬಂದಳು.

ಅಪ್ಪ ಅಂಗಡಿಯಿಂದ ಬರುವಾಗ ಕೈಯಲ್ಲಿ ಒಂದು ಚೀಲ ಇತ್ತು. ಕೆಂಪಗೆ, ಗಟ್ಟಿಯಾಗಿದ್ದ ಎಂಟು ಟೊಮೆಟೊ. ಅವನ್ನು ಮೇಜಿನ ಮೇಲೆ ಸುರಿದ.

"ಚೋಟು," ಅಂದ ಅಪ್ಪ. "ನಿಮ್ಮಕ್ಕಂಗೆ ಹೇಳು. ಇವತ್ತು ಅವಳ ಕಣ್ಣೆದುರಿಗೇ ಮಾಡ್ತೀನಿ. ನಿಜವಾಗ್ಲೂ ಬರೀ ಟೊಮೆಟೊ."

"ಅಕ್ಕ, ಅಪ್ಪ ಟೊಮೆಟೊ," ಅಂದ ಚೋಟು.

ಪಟಾಕಿ ಸ್ಟೂಲ್ ಎಳೆದುಕೊಂಡು ಒಲೆಯ ಪಕ್ಕ ಪೊಲೀಸಿನವಳ ಹಾಗೆ ಕೂತಳು. ಅಪ್ಪ ಟೊಮೆಟೊ ಹೆಚ್ಚಿದ. ಕತ್ತರಿ ಹಿಡಿದು ಪಳಗಿದ ಕೈ, ಒಂದು ತುಂಡೂ ದಪ್ಪ ಸಣ್ಣ ಆಗಲಿಲ್ಲ. ಬಾಣಲೆ ತುಂಬ ಇದ್ದ ಟೊಮೆಟೊ ಕುದಿಯುತ್ತಾ ಕುದಿಯುತ್ತಾ ಇಳಿಯಿತು. ಅರ್ಧವಾಯಿತು. ಕಾಲಾಯಿತು. ಕೊನೆಗೆ ರುಬ್ಬಿ ತೆಗೆದಾಗ ಒಂದು ಸಣ್ಣ ಬಟ್ಟಲಿಗೆ ಸಾಲುವಷ್ಟು ಉಳಿಯಿತು.

ಎಂಟು ಟೊಮೆಟೊ, ಒಬ್ಬಳ ಊಟ.

ಅಪ್ಪ ಬಟ್ಟಲನ್ನು ಅವಳ ಮುಂದೆ ಇಟ್ಟು, ಉಳಿದವರಿಗೆಲ್ಲ ನಿನ್ನೆಯ ಸಾಸ್ ಬಡಿಸಿದ. ಪಟಾಕಿ ಅನ್ನಕ್ಕೆ ಕಲಸಿ ಒಂದು ತುತ್ತು ಬಾಯಿಗಿಟ್ಟಳು. ಹುಳಿ ಹಲ್ಲಿಗೆ ಬಡಿಯಿತು. ಒಂದು ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು.

"ಹೆಂಗಿದೆ?" ಅಮ್ಮ ಕೇಳಿದಳು.

"ಸೂಪರ್," ಅಂದಳು ಪಟಾಕಿ, ಇನ್ನೊಂದು ಕಣ್ಣಲ್ಲಿ ನೀರು ತುಂಬಿಕೊಂಡು.

ಎದುರಿಗೆ ಚೋಟು ಮೂಗಿನವರೆಗೂ ಸಾಸ್ ಬಳಿದುಕೊಂಡು ತಿನ್ನುತ್ತಿದ್ದ. ಆ ವಾಸನೆ ಅವಳಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತು! ನಾಲಗೆ ಆ ಕಡೆಯೇ ಎಳೆಯುತ್ತಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ನಾಲಗೆಯೂ ಅಪ್ಪನ ಪಾರ್ಟಿ ಸೇರಿಬಿಟ್ಟಿದೆಯಲ್ಲ! ಹಟಕ್ಕೆ ಬಿದ್ದು ಬಟ್ಟಲಿನ ಕೊನೆಯ ಹನಿಯವರೆಗೂ ತಿಂದಳು.

ಊಟವಾದ ಮೇಲೆ ಅಪ್ಪ ಅವಳ ಎದುರಿಗೆ ಬಂದು ನೆಲದ ಮೇಲೆ ಕೂತ. ಚೋಟುವನ್ನು ತೊಡೆಯ ಮೇಲೆ ಎಳೆದುಕೊಂಡ.

"ಚೋಟು, ಅಕ್ಕಂಗೆ ಹೇಳು. ಅಪ್ಪ ಸುಳ್ಳು ಹೇಳಿದ್ದು ತಪ್ಪಾಯ್ತು ಅಂತ."

ಪಟಾಕಿ ಗೋಡೆ ನೋಡಿದಳು. "ಚೋಟು, ಯಾಕೆ ಹೇಳ್ದ ಅಂತ ಕೇಳು."

ಚೋಟು ಅಪ್ಪನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡ. "ಯಾಕೆ?"

"ಮೂರು ವರ್ಷದ ಹಿಂದೆ ನಿಮ್ಮಕ್ಕಂಗೆ ಜ್ವರ ಬಂದಿತ್ತು. ಜ್ವರ ಬಿಟ್ಟ ಮೇಲೂ ಒಂದು ವಾರ ಏನೂ ತಿನ್ಲಿಲ್ಲ. ಫ್ರಾಕ್ ಹೆಗಲಿಂದ ಜಾರ್ತಿತ್ತು, ಅಷ್ಟು ಇಳಿದುಹೋಗಿದ್ಲು. ಮನೇಲಿ ಏನೇನಿತ್ತೋ ಎಲ್ಲ ಬೇಯಿಸಿ ರುಬ್ಬಿ ಕೊಟ್ಟೆ. ಮೂರು ಚಮಚ ತಿಂದ್ಲು. ನಾಲ್ಕನೇ ಚಮಚ ಬಾಯಿ ಹತ್ರ ಹಿಡ್ಕೊಂಡು, ಅಪ್ಪಾ, ಏನಿದೆ ಇದ್ರಲ್ಲಿ ಅಂದ್ಲು." ಅಪ್ಪ ಚೋಟುವಿನ ಮೂಗಿಗೆ ಮೆತ್ತಿದ್ದ ಸಾಸ್ ಒರೆಸಿದ. "ಕುಂಬಳಕಾಯಿ ಅಂದ್ರೆ ಎಲ್ಲಿ ಚಮಚ ಕೆಳಗಿಡ್ತಾಳೋ ಅಂತ ಭಯ ಆಯ್ತು. ಬರೀ ಟೊಮೆಟೊ ಅಂತ ಬಾಯಿಗೆ ಬಂತು, ಹೇಳ್ಬಿಟ್ಟೆ. ಆಮೇಲೆ ಬಿಡಿಸ್ಕೊಳೋಕೆ ಆಗ್ಲಿಲ್ಲ."

"ಅಕ್ಕ, ಅಪ್ಪಂಗೆ ಭಯ," ಅಂತ ಚೋಟು ಚಿಕ್ಕದಾಗಿ ಮಾಡಿ ಹೇಳಿದ.

ಪಟಾಕಿ ಎದ್ದು ಹೋಗಿ ಮಲಗಿದಳು. ಕೋಪ ಇನ್ನೂ ಇತ್ತು. ಮೂರು ವರ್ಷದ ಸುಳ್ಳಿಗೆ ಒಂದು ತಪ್ಪಾಯ್ತು ಸಾಕಾಗುತ್ತದಾ? ಆದರೆ ಅವಳ ಕೋಪಕ್ಕೆ ನಿನ್ನೆ ಇದ್ದಷ್ಟು ಬಲ ಇರಲಿಲ್ಲ.

ಬೆಳಿಗ್ಗೆ ಅಪ್ಪ ಡಬ್ಬಿಗೆ ಬ್ರೆಡ್ ಹಾಕುವಾಗ ಬಂದು ನಿಂತಳು.

"ಚೋಟು, ಆ ಸಾಸಲ್ಲಿ ಏನೇನಿದೆ ಅಂತ ಕೇಳು. ಒಂದೂ ಬಿಡ್ದೆ ಹೇಳ್ಬೇಕು."

ಅಪ್ಪ ಬೆರಳು ಮಡಚಿ ಹೇಳಿದ. "ಕುಂಬಳಕಾಯಿ." ಪಟಾಕಿ ಮೂಗು ಮುರಿದಳು. "ಹೂಕೋಸಿನ ದಂಟು." ಹಲ್ಲು ಕಚ್ಚಿದಳು. "ಕ್ಯಾರೆಟ್. ಬಣ್ಣಕ್ಕೆ ಬೀಟ್‌ರೂಟ್." ಕೆಂಪು ಕೂಡ ಟೊಮೆಟೊದ್ದಲ್ಲವಾ! "ಒಂದು ಈರುಳ್ಳಿ. ಒಂದು ಟೊಮೆಟೊ. ಅಷ್ಟೇ. ಆಣೆ."

"ಹಾಕು ಅಂತ ಹೇಳು, ಚೋಟು," ಅಂದಳು ಪಟಾಕಿ.

ಸ್ಕೂಲಿನಲ್ಲಿ ಊಟದ ಹೊತ್ತಿಗೆ ಕನ್ನಡಕ ಬಂದು ಪಕ್ಕದಲ್ಲಿ ಕೂತ. ದಪ್ಪ ಕನ್ನಡಕ ಹಾಕುತ್ತಿದ್ದದ್ದಕ್ಕೆ ಅವನಿಗೆ ಆ ಹೆಸರು. ಅವರಿಬ್ಬರದ್ದೂ ಒಂದು 'ನೋ ತರಕಾರಿ ಕ್ಲಬ್' ಇತ್ತು. ಪಟಾಕಿ ಪ್ರೆಸಿಡೆಂಟ್, ಕನ್ನಡಕ ಸೆಕ್ರೆಟರಿ. ಬೇರೆ ಮೆಂಬರ್ ಯಾರೂ ಇರಲಿಲ್ಲ. ಯಾವ ತರಕಾರಿಯನ್ನೂ ಬಾಯಿಗೆ ಹಾಕಬಾರದು ಅನ್ನುವುದು ಕ್ಲಬ್ಬಿನ ಮೊದಲ ರೂಲ್. ಟೊಮೆಟೊದೊಳಗೆ ಬೀಜ ಇರುವುದರಿಂದ ಅದು ಹಣ್ಣು ಅನ್ನುವುದು ಎರಡನೆಯದು. ಹಾಗಾಗಿ ಕೆಂಪು ಸಾಸಿಗೆ ಪರ್ಮಿಷನ್ ಇತ್ತು.

"ನಿನ್ನೆ ಸಾಸ್ ತರ್ಲಿಲ್ಲ, ನಂಗೆ ಊಟನೇ ಸೇರ್ಲಿಲ್ಲ ಗೊತ್ತಾ?" ಅವನು ತನ್ನ ಬ್ರೆಡ್ಡನ್ನು ಅವಳ ಡಬ್ಬಿಗೆ ಅದ್ದಿದ. "ನಮ್ಮಮ್ಮನೂ ಮಾಡ್ತಾಳಂತೆ. ಇದಕ್ಕೆ ಏನೇನು ಹಾಕ್ತಾರೆ?"

"ಬರೀ ಟೊ..." ಅಂದಳು ಪಟಾಕಿ.

ಅವಳೇನೂ ಯೋಚಿಸಿ ಹೇಳಿದ್ದಲ್ಲ. ಮಾತು ಬಾಯಿಯ ಬಾಗಿಲಲ್ಲೇ ಕಾದು ನಿಂತಿತ್ತು. ನಿಜ ಹೇಳಿದರೆ ಇವನು ನಗುತ್ತಾನೆ. ಕ್ಲಾಸಿಗೆಲ್ಲ ಹೇಳುತ್ತಾನೆ. ಕ್ಲಬ್ ಹೋಗುತ್ತದೆ, ಪ್ರೆಸಿಡೆಂಟ್ ಪೋಸ್ಟೂ ಹೋಗುತ್ತದೆ. ನಾಲ್ಕನೇ ಚಮಚ ಬಾಯಿಯ ಹತ್ತಿರ ಹಿಡಿದ ಪುಟ್ಟ ಹುಡುಗಿ, ಅವಳ ಮುಂದೆ ಉಸಿರು ಬಿಗಿಹಿಡಿದು ಕೂತ ಅಪ್ಪ, ಇಬ್ಬರೂ ಅವಳಿಗೆ ಕಂಡರು.

"ಬರೀ ಟೊ ಅಂದ್ರೆ?" ಕನ್ನಡಕ ಕೇಳಿದ.

"ಕುಂಬಳಕಾಯಿ ಇದೆ," ಅಂದಳು ಪಟಾಕಿ. "ಹೂಕೋಸಿನ ದಂಟಿದೆ. ಕ್ಯಾರೆಟ್ಟಿದೆ. ಬೀಟ್‌ರೂಟಿದೆ. ಮೂರು ವರ್ಷದಿಂದ ಇದೆ. ನಂಗೂ ಮೊನ್ನೆನೇ ಗೊತ್ತಾಗಿದ್ದು. ನಗೋದಾದ್ರೆ ಈಗ್ಲೇ ನಕ್ಕುಬಿಡು."

ಕನ್ನಡಕ ನಗಲಿಲ್ಲ. ಕೈಯಲ್ಲಿದ್ದ ಅರ್ಧ ಬ್ರೆಡ್ಡನ್ನು ಕಣ್ಣಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದ.

"ಕುಂಬಳಕಾಯಿಲೂ ಬೀಜ ಇದೆ ಅಲ್ವಾ? ಹಂಗಾದ್ರೆ ಅದೂ ಹಣ್ಣೇ."

"ಹೂಕೋಸು?"

"ಅದು ಹೂವು."

"ಬೀಟ್‌ರೂಟು?"

"ಅದು ಬರೀ ಬಣ್ಣ." ಅವನು ಇನ್ನೊಮ್ಮೆ ಅದ್ದಿದ. "ಕ್ಯಾರೆಟ್ ಬಗ್ಗೆ ನಾಳೆ ಮೀಟಿಂಗ್ ಮಾಡೋಣ."

ಸಂಜೆ ಪಟಾಕಿ ಅಂಗಡಿಗೆ ಹೋದಳು. ಕುರ್ಚಿಯ ಮೇಲೆ ಅಡ್ಡ ಹಲಗೆ ಹಾಕಿ ಒಬ್ಬ ಪುಟ್ಟ ಹುಡುಗನನ್ನು ಕೂರಿಸಿದ್ದರು. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿತ್ತು, ಕಣ್ಣಲ್ಲಿ ನೀರಿತ್ತು.

"ಅಂಕಲ್, ಚೂರೇ ಚೂರು ಅಲ್ವಾ?" ಹುಡುಗ ಕೇಳಿದ.

ಅಪ್ಪ ಕತ್ತರಿ ಎತ್ತಿದವನು ಕನ್ನಡಿಯಲ್ಲಿ ಪಟಾಕಿಯನ್ನು ನೋಡಿದ. ಕತ್ತರಿ ಹಾಗೇ ನಿಂತಿತು.

"ಇಲ್ಲ ಮರಿ," ಅಂದ ಅಪ್ಪ. "ಜಾಸ್ತೀನೇ ಕಟ್ ಮಾಡ್ತೀನಿ. ನಿಮ್ಮಮ್ಮ ಹಾಗೇ ಹೇಳಿದ್ದಾರೆ. ಆದ್ರೆ ನೋವಾಗಲ್ಲ."

ಹುಡುಗ ಬಾಯಿ ದೊಡ್ಡದು ಮಾಡಿ ಅಳತೊಡಗಿದ. ಅಪ್ಪ ಅವನ ತಲೆ ನೇವರಿಸುತ್ತಾ ಅಳು ಮುಗಿಯುವವರೆಗೂ ಕಾದ. ತುಂಬ ಹೊತ್ತು ಹಿಡಿಯಿತು. ಗಿರಾಕಿಗಳು ಗಡಿಯಾರ ನೋಡಿದರು.

ಕಟಿಂಗ್ ಮುಗಿದ ಮೇಲೆ ಪಟಾಕಿ ಬೆಂಚಿನಿಂದ ಎದ್ದು ಡಬ್ಬಿ ಮುಂದೆ ಹಿಡಿದಳು.

"ಅಪ್ಪಾ, ಖಾಲಿ," ಅಂದಳು. "ಅರ್ಧ ಕನ್ನಡಕ ತಿಂದ, ಅರ್ಧ ನಾನು ತಿಂದೆ."

ಅಪ್ಪ ಬಟ್ಟೆಗೆ ಕೈ ಒರೆಸಿಕೊಂಡು ಡಬ್ಬಿ ತೆಗೆದುಕೊಂಡ. ಮುಚ್ಚಳದ ಮೇಲೆ ಒಂದು ಸಲ ಹೆಬ್ಬೆರಳು ಇಟ್ಟ. ಆಮೇಲೆ ಮುಚ್ಚಳ ತೆಗೆಯದೆ ಡಬ್ಬಿಯನ್ನು ಹಾಗೇ ಅವಳ ಬ್ಯಾಗಿನೊಳಗೆ ಇಟ್ಟು, ಮುಂದಿನ ಗಿರಾಕಿಯನ್ನು ಕರೆದ.